ನದಿ ತಿಂದ ಊರು, ನೀರು ನುಂಗಿದ ಊರು

ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ದಿನಕ್ಕೊಂದು ಜಾಗತಿಕ ಸಮಸ್ಯೆ ಇತ್ಯರ್ಥವಾಗುತ್ತದೆ. ಒಂದು ದಿನ ಯುದ್ಧ, ಒಂದು ದಿನ ಹವಾಮಾನ ಬದಲಾವಣೆ, ಉಳಿದ ದಿನಗಳಲ್ಲಿ ಎಐ ನಮ್ಮ ಕೆಲಸ ತಿನ್ನುತ್ತದೆಯೋ ಇಲ್ಲವೋ ಎಂಬುದು. ಚಹಾ ಮುಗಿಯುವಷ್ಟರಲ್ಲಿ ಎಲ್ಲದಕ್ಕೂ ಪರಿಹಾರ ಸಿಕ್ಕಿರುತ್ತದೆ, ನಾವು ಮೀಟಿಂಗಿಗೆ ಎದ್ದು ಹೋಗುತ್ತೇವೆ. ಮಳೆಗಾಲದಲ್ಲಿ ಮಾತ್ರ ಚರ್ಚೆ ಸ್ವಲ್ಪ ಬಿಸಿಯಾಗುತ್ತದೆ. ನಮ್ಮ ತಂಡದಲ್ಲಿ ಸಾಂಗ್ಲಿಯವನೊಬ್ಬನಿದ್ದಾನೆ. 2019ರ ಪ್ರವಾಹದಲ್ಲಿ ಅವನ ಮನೆಯೊಳಗೆ ಎದೆಮಟ್ಟ ಕೃಷ್ಣೆಯ ನೀರು ನಿಂತಿತ್ತು. "ಎಲ್ಲಾ ನಿಮ್ಮ ಆಲಮಟ್ಟಿಯಿಂದ" ಎನ್ನುವುದು ಅವನ ವಾದ. ನಮ್ಮವ್ವನ ತವರೂರು ಅದೇ ಆಲಮಟ್ಟಿಯ ಹಿನ್ನೀರಿನ ತಳದಲ್ಲಿದೆ ಎಂದು ನಾನು ಹೇಳಿದಾಗ ಸುಮ್ಮನಾದ. ಆವತ್ತು ಪರಿಹಾರ ಸಿಗಲಿಲ್ಲ. ಇಬ್ಬರೂ ಇನ್ನೊಂದೊಂದು ಚಹಾ ತಂದೆವು.

ನನಗೆ ತಿರುಗಾಟದ ಹುಚ್ಚು. ಆದರೆ ಇತ್ತೀಚೆಗೆ ಒಂದು ಬಗೆಯ ಪ್ರವಾಸಿ ಪಟ್ಟಿಗಳನ್ನು ಕಂಡರೆ ಮೈ ಉರಿಯುತ್ತದೆ. "ಮಾಯವಾಗುವ ಮುನ್ನ ನೋಡಲೇಬೇಕಾದ ಹತ್ತು ಜಾಗಗಳು." ಮಾಲ್ಡೀವ್ಸ್, ವೆನಿಸ್, ಕರಗುತ್ತಿರುವ ಯಾವುದೋ ಹಿಮನದಿ. ಐಸಿಯುವಿನಲ್ಲಿರುವ ನೆಂಟರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ ಹಾಗೆ. ಇಂಥದ್ದೇ ಪಟ್ಟಿಯೊಂದರಲ್ಲಿ ಅಸ್ಸಾಮಿನ ಮಜುಲಿಯೂ ಇತ್ತು. ಆ ಕಾರಣಕ್ಕೇ ನಾನು ಅಲ್ಲಿಗೆ ಹೋಗುತ್ತಿರಲಿಲ್ಲವೇನೋ. ಕರೆದುಕೊಂಡು ಹೋಗು ಎಂದವಳು ಅವ್ವ.

ಟೀವಿಯಲ್ಲಿ ನದಿಯ ದಡ ಕುಸಿದು ಒಂದು ಮನೆ ನೀರಿಗೆ ಬೀಳುವುದನ್ನು ಅವಳು ನೋಡಿದ್ದಳಂತೆ. "ಆ ಊರಿಗೆ ಹೋಗಾಕ ಬರತೈತೇನೋ?" ಅಂದಳು. ಅರವತ್ತಾರು ವರ್ಷದ ಅವ್ವ ಅಲ್ಲಿಯತನಕ ಕಂಡಿದ್ದು ಪಂಢರಪುರ, ಶ್ರೀಶೈಲ ಮತ್ತು ಒಮ್ಮೆ ಕಾಶಿ. ಪ್ರವಾಸ ಎಂದರೆ ದೇವರಿರುವಲ್ಲಿಗೆ ಹೋಗುವುದು ಎಂದೇ ಅವಳ ಲೆಕ್ಕ. ಮಜುಲಿಯಲ್ಲೂ ಶಂಕರದೇವರ ಪರಂಪರೆಯ ವೈಷ್ಣವ ಸತ್ರಗಳಿವೆ ಎಂದೆ. "ಹಂಗಾದ್ರ ಛೊಲೋ ಆತು" ಎಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟತೊಡಗಿದಳು.

ನವೆಂಬರ್ ಕೊನೆ, ರಾಸಲೀಲೆಯ ಜಾತ್ರೆಯಂಥ ಗದ್ದಲ ಮುಗಿದಿತ್ತು. ಗುವಾಹಟಿಯಿಂದ ರೈಲಿನಲ್ಲಿ ಜೋರ್ಹಾಟ್, ಅಲ್ಲಿಂದ ನಿಮಾತಿ ಘಾಟ್, ಅಲ್ಲಿಂದ ಫೆರ್ರಿ. ಮೇಲುಗಡೆ ಬೈಕು, ಕಾರು, ಎರಡು ಆಡು, ಕೆಳಗೆ ನಾವು. ಬ್ರಹ್ಮಪುತ್ರವನ್ನು ನೋಡಿ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಚೆ ದಡ ಕಾಣುವುದಿಲ್ಲ. ಕಂಡಿತು ಅಂದುಕೊಂಡರೆ ಅದು ಮರಳಿನ ದಿಬ್ಬವಾಗಿರುತ್ತದೆ. ಆ ಒಂದು ತಾಸಿನ ಸುಖವನ್ನು ನಾನು ಯಾವ ಸಮಸ್ಯೆಗೂ ಬಿಟ್ಟುಕೊಡಲಾರೆ. ಚಳಿಗಾಲದ ಎಳೆ ಬಿಸಿಲು, ಎಂಜಿನ್ನಿನ ಗುಡುಗುಡು, ಕಾಗದದ ತುಂಡಿನಲ್ಲಿ ಬೇಯಿಸಿದ ಕಡಲೆ. ಜಗತ್ತು ಹಾಳಾಗಿದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ನಂಬುತ್ತಿರಲಿಲ್ಲ.

ಹಾಳಾಗಿರುವುದಂತೂ ನಿಜ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸುಮಾರು 1,250 ಚದರ ಕಿಲೋಮೀಟರ್ ಇದ್ದ ಈ ನದೀದ್ವೀಪದ ಅರ್ಧವೂ ಈಗ ಉಳಿದಿಲ್ಲ. 1950ರ ಆಗಸ್ಟ್ 15ರ ಸಂಜೆ ಅಸ್ಸಾಂ ಕಡೆ 8.6 ತೀವ್ರತೆಯ ಭೂಕಂಪವಾಯಿತು. ಗುಡ್ಡಗಳು ಜರಿದು ಬಿದ್ದ ಮಣ್ಣೆಲ್ಲ ನದಿಗೆ ಸೇರಿ ಪಾತ್ರ ಮೇಲೆದ್ದಿತು. ಆಳ ಕಳೆದುಕೊಂಡ ನದಿ ಅಗಲಕ್ಕೆ ಹರಡಿತು, ದಡಗಳನ್ನು ತಿನ್ನತೊಡಗಿತು. ಸತ್ರಗಳು ಕೂಡ ಒಂದೊಂದಾಗಿ ಬೇರೆ ಕಡೆ ಎದ್ದು ಹೋದವು. ಇಂಥ ಜಾಗವನ್ನೇ 2016ರಲ್ಲಿ ಜಿಲ್ಲೆ ಮಾಡಿದರು. ನದೀದ್ವೀಪವೊಂದು ಜಿಲ್ಲೆಯಾದದ್ದು ದೇಶದಲ್ಲಿ ಅದೇ ಮೊದಲು.

ನಾವು ಉಳಿದುಕೊಂಡದ್ದು ಮಿಸಿಂಗ್ ಜನರ ಒಂದು ಮನೆಯಲ್ಲಿ. ಅವರ ಮನೆಗೆ ಚಾಂಗ್ ಘರ್ ಎನ್ನುತ್ತಾರೆ. ಕಂಬಗಳ ಮೇಲೆ ಎತ್ತಿ ಕಟ್ಟಿದ ಬಿದಿರಿನ ಮನೆ, ಹತ್ತಲು ಏಣಿ, ಕೆಳಗಿನ ನೆರಳಿನಲ್ಲಿ ಹಂದಿ, ಕೋಳಿ ಮತ್ತು ಕೈಮಗ್ಗ. ಆ ಮನೆಯ ಹಿರಿಮಗ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯೂರಿಟಿ, ರಜೆಗೆ ಬಂದಿದ್ದ. ನಾವು ಕನ್ನಡದವರು ಎಂದು ಗೊತ್ತಾದ ಕೂಡಲೇ ತನಗೆ ಬರುವ ಎರಡು ಕನ್ನಡ ವಾಕ್ಯಗಳನ್ನೂ ಒಟ್ಟಿಗೇ ಹೇಳಿಬಿಟ್ಟ: "ಊಟ ಆಯ್ತಾ ಸಾರ್? ಗೇಟ್ ಮುಂದೆ ಗಾಡಿ ನಿಲ್ಲಿಸಬೇಡಿ." ಅವ್ವ ನಕ್ಕು ನಕ್ಕು ಏಣಿ ಹಿಡಿದುಕೊಂಡಳು.

ಅವ್ವ ಮಾಂಸ ಮುಟ್ಟುವುದಿಲ್ಲ ಎಂದು ಅವಳಿಗಾಗಿ ಅನ್ನ, ಬೇಳೆ, ಆಲೂ ಪಿಟಿಕಾ ಮಾಡಿದರು. "ಬಟಾಟಿ ಹಿಚುಕಿ ಸಾಸಿವಿ ಎಣ್ಣಿ ಹಾಕ್ಯಾರ, ಅಷ್ಟ" ಎಂದು ಎರಡು ಸಲ ಹಾಕಿಸಿಕೊಂಡಳು. ಊಟದ ಮೇಲೆ ಮನೆಯೊಡತಿ ಅವ್ವನ ಇಳಕಲ್ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ನೇಯುವವರ ಕಣ್ಣು. ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ, ಕೊಂಡಿ ಹಾಕಿ ಕೂಡಿಸುತ್ತಾರೆ ಎಂದು ಅವ್ವ ಬೆರಳಿಗೆ ಬೆರಳು ಸಿಕ್ಕಿಸಿ ತೋರಿಸಿದಳು. ಅವಳು ಮಗ್ಗದ ಬಳಿ ಕರೆದುಕೊಂಡು ಹೋಗಿ ತನ್ನದನ್ನು ತೋರಿಸಿದಳು. ಒಂದು ತಾಸು ನನ್ನ ಹಿಂದಿಯ ಅಗತ್ಯವೇ ಬೀಳಲಿಲ್ಲ.

ಆಮೇಲೆ ಬಿತ್ತು. "ಇವ್ರಿಗೆ ಪರಿಹಾರ ಎಷ್ಟು ಸಿಕ್ಕೈತಿ ಕೇಳೋ" ಅಂದಳು ಅವ್ವ. ಬಾಗಲಕೋಟೆ ಕಡೆಯ ಮುಳುಗಡೆ ಜನ ಪರಸ್ಪರ ಮೊದಲು ಕೇಳುವ ಪ್ರಶ್ನೆ ಇದು. ನಾನು ಕೇಳಿದೆ. ಹುಡುಗ ತಾಯಿಗೆ ಹೇಳಿದ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನದಿ ತಿಂದದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ? ಮೂರು ಸಲ ಮನೆ ಬಿಚ್ಚಿ ಹಿಂದೆ ಹಿಂದೆ ಸರಿಸಿ ಕಟ್ಟಿದ್ದೇವೆ, ಗದ್ದೆಯನ್ನು ಬಿಚ್ಚಿ ತರಲು ಆಗಲಿಲ್ಲ ಎಂದಳು.

ನಮ್ಮಲ್ಲಿ ಹಾಗಲ್ಲ. ಅಣೆಕಟ್ಟಿನ ನೀರಿಗೆ ಒಂದು ಗೆರೆ ಇದೆ, ನೋಟಿಸ್ ಇದೆ, ಅಲೆಯಲು ಕಚೇರಿ ಇದೆ, ಬೈಯಲು ಸರ್ಕಾರ ಇದೆ. ಈಗ 519.60 ಮೀಟರ್, 524.256ಕ್ಕೆ ಏರಿಸಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಆ ದಶಮಾಂಶಗಳ ನಡುವೆ ಯಾರ ಯಾರ ಮನೆಗಳಿವೆ ಎಂದು ನಮ್ಮೂರ ಹುಡುಗರಿಗೂ ಗೊತ್ತು. ಪರಿಹಾರ ಸಾಲದು ಎಂದು ಅವ್ವ ಇಷ್ಟು ವರ್ಷ ಗೊಣಗಿದ್ದನ್ನು ಕೇಳುತ್ತಲೇ ನಾನು ಬೆಳೆದೆ. ಆವತ್ತು ಅವಳು ಆ ಮಾತು ಎತ್ತಲಿಲ್ಲ.

ಆಕೆ ಅವ್ವನನ್ನು ಕೇಳಿದ್ದು ಬೇರೆ. ನಿಮ್ಮ ಊರು ಈಗ ಕಾಣುತ್ತದೆಯೇ? ಬೇಸಿಗೆಯಲ್ಲಿ ನೀರು ಇಳಿದಾಗ ಹಣಮಪ್ಪನ ಗುಡಿಯ ಗ್ವಾಡಿ ಕಾಣುತ್ತದೆ, ಕೆಲವು ವರ್ಷ ಹೋಗಿ ಕಾಯಿ ಒಡೆದು ಬರುತ್ತೇವೆ ಎಂದಳು ಅವ್ವ. ಕೇಳಿ ಆಕೆ ತಲೆಯಾಡಿಸಿದಳು. ತಮ್ಮದು ಹಾಗೆ ಕಾಣುವುದಿಲ್ಲವಂತೆ. ನೀವು ಫೆರ್ರಿಯಲ್ಲಿ ಬಂದಿರಲ್ಲ, ಅದರ ದಾರಿಯಲ್ಲೇ ಎಲ್ಲೋ ಇತ್ತು ಎಂದಳು.

ಮರುದಿನ ಸಾಲ್ಮೊರಾಕ್ಕೆ ಹೋದೆವು. ಅಲ್ಲಿ ತಿಗರಿ ಇಲ್ಲದೆ ಬರೀ ಕೈಯಿಂದ ಮಡಕೆ ಮಾಡುತ್ತಾರೆ. ದಡದ ಉದ್ದಕ್ಕೂ ಮರಳು ತುಂಬಿದ ದೊಡ್ಡ ಚೀಲಗಳು, ಮುಳ್ಳುಹಂದಿ ಎಂದು ಕರೆಯುವ ಕಾಂಕ್ರೀಟ್ ಕಂಬಗಳ ಕಟ್ಟು. ನದಿಯನ್ನು ತಡೆಯಲು ಸರ್ಕಾರ ಮಾಡಿದ ಏರ್ಪಾಡು. ಅವುಗಳ ಮೇಲೆ ಬಟ್ಟೆ ಒಣಗಿತ್ತು. ಅವ್ವ ಅಂಗೈಯಗಲದ ಒಂದು ಗಡಿಗೆ ಕೊಂಡಳು. ಪುಣೆಯ ತನಕ ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಈಗ ಜುಲೈ. ಕ್ಯಾಂಟೀನಿನಲ್ಲಿ ಸಾಂಗ್ಲಿಯವನು ದಿನವೂ ಕೃಷ್ಣೆಯ ಮಟ್ಟ ನೋಡುತ್ತಾನೆ, ನಾನು ಆಲಮಟ್ಟಿಯ ಒಳಹರಿವು ನೋಡುತ್ತೇನೆ. ಅವ್ವ ರವಿವಾರಕ್ಕೊಮ್ಮೆ ಫೋನ್ ಮಾಡಿ, "ಅಲ್ಲಿ ನೀರು ಎಷ್ಟು ಬಂದೈತಿ ಕೇಳು" ಎನ್ನುತ್ತಾಳೆ. ನಾನು ಬೆಂಗಳೂರಿನ ಆ ಗೇಟಿಗೆ ಮೆಸೇಜ್ ಹಾಕುತ್ತೇನೆ, ಅವನು ಮನೆಗೆ ಫೋನ್ ಮಾಡಿ ತಿಳಿಸುತ್ತಾನೆ. ಕಳೆದ ವಾರ ನೀರು ಏಣಿಯ ನಾಲ್ಕನೇ ಮೆಟ್ಟಿಲಿಗೆ ಬಂದಿತ್ತು. ಒಟ್ಟು ಏಳು ಮೆಟ್ಟಿಲು.

"ಇನ್ನೂ ಮೂರು ಅದಾವಲ್ಲ" ಅಂದಳು ಅವ್ವ. "ಮಗ್ಗ ಮ್ಯಾಲ ತಗೊಂಡಾರೇನು ಕೇಳು."