ಮಗು ನೋಡಿಕೊಂಡವರು

ಹೋದ ತಿಂಗಳು ಬೆಂಗಳೂರಿನಿಂದ ಮಗಳು ಫೋನ್ ಮಾಡಿದ್ದಳು. ಅವಳ ಹೆರಿಗೆ ರಜೆ ಮುಗಿಯುತ್ತ ಬಂದಿದೆ. ಮನೆಯ ಹತ್ತಿರ ಒಂದು ಶಿಶುಪಾಲನಾ ಕೇಂದ್ರ ನೋಡಿದ್ದಾಳಂತೆ. ಗೋಡೆಗೆ ಬಣ್ಣದ ಚಿತ್ರ, ನೆಲಕ್ಕೆ ಮೆತ್ತೆ, ಮೂಲೆಗೊಂದು ಕ್ಯಾಮೆರಾ. ಆಫೀಸಿನಲ್ಲಿ ಕುಳಿತೇ ಮಗು ಏನು ಮಾಡುತ್ತಿದೆ ಎಂದು ಮೊಬೈಲಿನಲ್ಲಿ ನೋಡಬಹುದಂತೆ. ಎಲ್ಲವನ್ನೂ ಸಂಭ್ರಮದಿಂದ ಹೇಳಿದವಳು ಕೊನೆಗೆ, "ಅಮ್ಮಾ, ನನ್ನನ್ನು ಯಾರ ಹತ್ತಿರ ಬಿಟ್ಟು ಸ್ಕೂಲಿಗೆ ಹೋಗ್ತಿದ್ದೆ?" ಎಂದು ಕೇಳಿದಳು. "ನಿಮ್ಮ ಅಜ್ಜಿ ನೋಡಿಕೊಂಡರಲ್ಲ" ಎಂದೆ. ಅದು ಸುಳ್ಳಲ್ಲ. ಆದರೆ ಅಜ್ಜಿ ಬರುವುದಕ್ಕೆ ಮುಂಚಿನ ಆರು ವಾರದ ಮಾತನ್ನು ನಾನು ಇಷ್ಟು ವರ್ಷವಾದರೂ ಅವಳಿಗೆ ಹೇಳಿರಲಿಲ್ಲ.

ಅದು 1998. ನಾನು ತಿಪಟೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ, ಸಮಾಜ ಪಾಠ ಹೇಳುತ್ತಿದ್ದೆ. ನಮ್ಮವರಿಗೆ ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸ. ಬೆಳಿಗ್ಗೆ ರೈಲಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಜನವರಿಯಲ್ಲಿ ಮಗು ಹುಟ್ಟಿತು. ಹೆರಿಗೆ ರಜೆ, ಅದರ ಬಾಲಕ್ಕೆ ಬೇಸಿಗೆ ರಜೆ ಎಲ್ಲ ಸೇರಿ ಮೇ ಕೊನೆಯವರೆಗೆ ಹೇಗೋ ನಡೆಯಿತು. ಬಾಣಂತನ ಮಾಡಿದ ನನ್ನ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಿತ್ತು. ಅತ್ತೆಯವರಿಗೆ ಹಳ್ಳಿಯಲ್ಲಿ ಹಸು, ತೋಟ, ಕೆಮ್ಮುವ ಮಾವ. ಅಂಗನವಾಡಿಗೆ ಸೇರಿಸಬೇಕಾದರೆ ಮಗುವಿಗೆ ಮೂರು ವರ್ಷವಾಗಬೇಕು. ಐದು ತಿಂಗಳ ಕೂಸನ್ನು ಇಟ್ಟುಕೊಂಡು ನಾನು ಜೂನ್ ಒಂದನೇ ತಾರೀಖನ್ನು ಪರೀಕ್ಷೆಯ ಫಲಿತಾಂಶದಂತೆ ಹೆದರಿ ಕಾಯುತ್ತಿದ್ದೆ.

ಆಗ ಸಹೋದ್ಯೋಗಿಯೊಬ್ಬರು, "ನಿಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರು ಬೇಬಿ ಸಿಟ್ಟಿಂಗ್ ಮಾಡ್ತಾರಂತೆ" ಎಂದರು. ಆ ಮಾತು ಆಗ ನಮ್ಮೂರಿಗೆ ಹೊಸದು. ಅತ್ತೆಯವರು ಕೇಳಿ ನಕ್ಕುಬಿಟ್ಟರು. "ಇನ್ನೂ ಮಗುಚಿಕೊಳ್ಳೋಕೇ ಬರದ ಮಗು, ಅದನ್ನೆಲ್ಲಿ ಕೂರಿಸ್ತಾರೆ?"

ಹೋಗಿ ನೋಡಿದೆ. ಕೆಂಪು ಗಾರೆಯ ನೆಲ ಕನ್ನಡಿಯಂತಿತ್ತು. ಬಾಗಿಲಲ್ಲಿ ರಂಗೋಲಿ, ಒಳಗೆ ತೊಲೆಗೆ ಕಟ್ಟಿದ ಸೀರೆಯ ಜೋಲಿ. ಆಕೆಗೆ ಮೂವತ್ತೈದರ ಆಸುಪಾಸು. ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲವಂತೆ. "ನಿಶ್ಚಿಂತೆಯಾಗಿ ಹೋಗಿ ಮೇಡಂ, ನಾನು ಮೂರು ಹೆತ್ತವಳು" ಎಂದರು. ಇಬ್ಬರು ಗಂಡುಮಕ್ಕಳು, ಅವರಿಗಿಂತ ದೊಡ್ಡವಳು ಹತ್ತು ವರ್ಷದ ಹುಡುಗಿ. ನಾನು ಮೇಷ್ಟರ ಬುದ್ಧಿ ಬಿಡಲಾರದೆ, "ಯಾವ ಕ್ಲಾಸು?" ಎಂದು ಹುಡುಗಿಯನ್ನು ಕೇಳಿದೆ. "ಐದನೇ ಕ್ಲಾಸು, ಗೌರ್ಮೆಂಟ್ ಸ್ಕೂಲು" ಎಂದಿತು. ತಿಂಗಳಿಗೆ 300 ರೂಪಾಯಿ ಎಂದು ಮಾತಾಯಿತು. 350 ಕೇಳಿದ್ದರು, ನಾನೇ ಚೌಕಾಸಿ ಮಾಡಿ ಇಳಿಸಿದ್ದೆ. ಸೊಪ್ಪಿನವಳ ಹತ್ತಿರ ಮಾಡುವಂತೆಯೇ ಮಾಡಿದ್ದೆ. ಗೆದ್ದೆನೆಂದು ಮನೆಗೆ ಬಂದು ಹೇಳಿಕೊಂಡೂ ಇದ್ದೆ.

ಮೊದಲ ದಿನ ಚೀಲ ತುಂಬಿದ್ದು ಇನ್ನೂ ನೆನಪಿದೆ. ಹತ್ತು ಲಂಗೋಟಿ, ಎರಡು ಅಂಗಿ, ಟೋಪಿ, ಬೆಳ್ಳಿಯ ಒಳಲೆ, ಬಜೆ, ಫ್ಲಾಸ್ಕಿನಲ್ಲಿ ಕುದಿಸಿ ಆರಿಸಿದ ನೀರು, ಡಬ್ಬಿಯಲ್ಲಿ ರಾಗಿ ಸರಿಯ ಪುಡಿ, ಹಾಲಿಗೆಂದು ಬೇರೆ ದುಡ್ಡು. ಮಗುವನ್ನು ಕೈಯಿಂದ ಕೈಗೆ ದಾಟಿಸುವಾಗ ಅದು ನನ್ನ ಸರ ಹಿಡಿದುಕೊಂಡಿತ್ತು. ಬೆರಳು ಒಂದೊಂದಾಗಿ ಬಿಡಿಸಿ ಹೊರಟೆ. ತಿರುಗಿ ನೋಡಬಾರದೆಂದು ಬೀದಿಯ ಕೊನೆಯವರೆಗೆ ಬಿರಬಿರನೆ ನಡೆದೆ.

ಮೂರನೇ ಪೀರಿಯಡ್ಡಿಗೆಲ್ಲ ಎದೆ ಕಟ್ಟಿಕೊಂಡು ಬರುತ್ತಿತ್ತು. ಸೆರಗು ಹೊದ್ದು, ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಪಾಠ ಮಾಡುತ್ತಿದ್ದೆ. ಈ ಕಷ್ಟ ಪಟ್ಟವರಿಗೇ ಗೊತ್ತು. ಎಂಟನೇ ತರಗತಿಯ ಹುಡುಗರ ಮುಂದೆ ಕುಪ್ಪಸ ಒದ್ದೆಯಾಗುವ ಭಯ ಒಂದು ಕಡೆ, ಅಲ್ಲಿ ಮಗು ಒಳಲೆಯ ಹಾಲು ಕುಡಿಯಿತೋ ಇಲ್ಲವೋ ಎಂಬ ಯೋಚನೆ ಇನ್ನೊಂದು ಕಡೆ. ಮೊದಲ ವಾರ ಊಟದ ಬಿಡುವಿನಲ್ಲಿ ಓಡಿಹೋಗಿ ಹಾಲೂಡಿಸಿ ಬರುತ್ತಿದ್ದೆ. ಎರಡನೇ ವಾರ ಆಕೆ ಬಹಳ ನಯವಾಗಿ, "ನೀವು ಬಂದು ಹೋದ ಮೇಲೆ ಒಂದು ಗಂಟೆ ಅಳುತ್ತೆ ಮೇಡಂ. ಬರದೇ ಇದ್ರೆ ಬೇಗ ಹೊಂದಿಕೊಳ್ಳುತ್ತೆ" ಎಂದರು. ಅನುಭವಸ್ಥರ ಮಾತು, ನಂಬಿದೆ. ನಿಜ ಹೇಳಬೇಕೆಂದರೆ ಬಿಸಿಲಿನಲ್ಲಿ ಓಡುವುದು ತಪ್ಪಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಆಮೇಲೆ ಒಂದೊಂದೇ ಕಾಣತೊಡಗಿತು. ಕಳಿಸಿದ ಹತ್ತು ಲಂಗೋಟಿಯಲ್ಲಿ ಏಳು ಮಡಿಕೆ ಕೆಡದೆ ವಾಪಸು ಬರುತ್ತಿದ್ದವು. ತೊಡೆಸಂದಿಯಲ್ಲಿ ಕೆಂಪಗೆ ಬೊಕ್ಕೆ ಎದ್ದಿತ್ತು. ರಾಗಿ ಸರಿಯ ಡಬ್ಬಿ ಇಳಿಯುತ್ತಲೇ ಇರಲಿಲ್ಲ. ಸಂಜೆ ನಾನು ಎತ್ತಿಕೊಂಡರೆ ಮಗು ಮೊದಲಿನಂತೆ ಕಾಲು ಬಡಿಯದೆ ಹೆಗಲಿಗೆ ಒರಗಿ ಮಲಗುತ್ತಿತ್ತು. ರಾತ್ರಿಯೆಲ್ಲ ಎದ್ದು ಹಸಿವಿನಿಂದ ಎಳೆಯುತ್ತಿತ್ತು. ಆಕೆಯ ಸೆರಗಿನಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ತಿಪಟೂರಿನಲ್ಲಿ ಕೊಬ್ಬರಿಯ ವಾಸನೆ ಎಲ್ಲಿಲ್ಲ? ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ನನಗೂ ಬರಲಿಲ್ಲ.

ಕಾಣದೇ ಹೋದದ್ದು ಇನ್ನೊಂದಿತ್ತು. ಬೆಳಿಗ್ಗೆ ನಾನು ಹೋದಾಗ ಆ ಹುಡುಗಿ ನೀಲಿ ಲಂಗ, ಬಿಳಿ ಅಂಗಿ ತೊಟ್ಟು, ಎರಡು ಜಡೆ ಹಾಕಿಕೊಂಡು ಸಿದ್ಧವಾಗಿ ನಿಂತಿರುತ್ತಿತ್ತು. ಸಂಜೆ ಬಂದರೂ ಅದೇ ಸಮವಸ್ತ್ರದಲ್ಲಿರುತ್ತಿತ್ತು. ಬಟ್ಟೆಗೆ ಒಂದು ಶಾಯಿಯ ಕಲೆಯಿಲ್ಲ, ಆಟದ ಧೂಳಿಲ್ಲ. "ನಿಮ್ಮ ಮಗಳು ಎಷ್ಟು ಶಿಸ್ತು!" ಎಂದು ಒಂದು ದಿನ ಆಕೆಯನ್ನು ಹೊಗಳಿದ್ದೆ. ಆಕೆ ಮಾತಾಡಲಿಲ್ಲ.

ಜುಲೈ ಮಧ್ಯದಲ್ಲಿ ಒಂದು ದಿನ, ಶಾಲೆಯ ಹಿಂದಿನ ಅಧ್ಯಕ್ಷರೊಬ್ಬರು ತೀರಿಕೊಂಡರೆಂದು ಹನ್ನೊಂದು ಗಂಟೆಗೇ ರಜೆ ಕೊಟ್ಟರು. ನೆಟ್ಟಗೆ ಮಗುವಿದ್ದಲ್ಲಿಗೆ ಹೋದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗಿನಿಂದ ಸಣ್ಣ ದನಿ ಕೇಳುತ್ತಿತ್ತು. "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು…" ಲಾಲಿಯ ಧಾಟಿಯಲ್ಲಿ ಮಗ್ಗಿ ಹೇಳುತ್ತಿತ್ತು. ಹದಿಮೂರೇಳ್ಲಕ್ಕೆ ಬಂದು ನಿಂತುಹೋಯಿತು. ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಅಲ್ಲೇ ನಿಂತಿತು. ಇಷ್ಟು ಗಾಬರಿಯಲ್ಲೂ ನನ್ನ ಬಾಯಿಗೆ "ತೊಂಬತ್ತೊಂದು" ಎಂದು ಬಂದಿತ್ತು ನೋಡಿ.

ಚಿಲಕ ತೆಗೆದೆ. ಸಮವಸ್ತ್ರದ ಹುಡುಗಿ ಕಾಲಿನಿಂದ ಜೋಲಿ ತೂಗುತ್ತ ಕುಳಿತಿತ್ತು. ನನ್ನನ್ನು ಕಂಡು ಎದ್ದು ನಿಂತು, ಶಾಲೆಯಲ್ಲಿ ನಿಲ್ಲುವಂತೆ ಕೈ ಕಟ್ಟಿತು.

"ಅಮ್ಮ ಎಲ್ಲಿ?"

"ಅಂಗಡಿಗೆ ಹೋಗವ್ಳೆ." ಒಂದು ಗಳಿಗೆ ಬಿಟ್ಟು ಅದೇ ಅಳುತ್ತ ಹೇಳಿತು. "ಮಂಡೀಗೆ ಹೋಗವ್ಳೆ ಮಿಸ್. ನೀವು ಬಂದ್ರೆ ಅಂಗಡಿಗೆ ಅನ್ನು ಅಂದಿದ್ಲು."

ಕೊಬ್ಬರಿ ಮಂಡಿಯಲ್ಲಿ ಹಸನು ಮಾಡುವ ಕೂಲಿ. ಎರಡನೇ ವಾರದಿಂದಲೇ ಹೋಗುತ್ತಿದ್ದಾಳೆ. ಮಗು ಮೈಮರೆತು ಮಲಗಿತ್ತು; ಕೆನ್ನೆ ತಟ್ಟಿದರೂ ಕಣ್ಣು ಪೂರ್ತಿ ತೆರೆಯಲಿಲ್ಲ. ಪಕ್ಕದ ಬಾಟಲಿಯಲ್ಲಿ ಸಕ್ಕರೆ ನೀರು. ಗೂಡಿನಲ್ಲಿ ನೆಗಡಿಯ ಸಿರಪ್ಪು. "ಜಾಸ್ತಿ ಅತ್ರೆ ಅರ್ಧ ಚಮಚ ಹಾಕು ಅಂದವ್ಳೆ" ಎಂದಿತು ಹುಡುಗಿ. ಅಡುಗೆ ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟವ್ ಇತ್ತು. ಹೊರಗಿನಿಂದ ಚಿಲಕ, ಒಳಗೆ ಇಬ್ಬರು ಮಕ್ಕಳು. ಈಗಲೂ ಒಮ್ಮೊಮ್ಮೆ ರಾತ್ರಿ ಅದು ನೆನಪಾಗಿ ಎದ್ದು ಕೂರುತ್ತೇನೆ.

ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ನಿದ್ದೆ ಬರಿಸುವ ಅಂಥ ಔಷಧಿ ಹಸುಗೂಸಿನ ಉಸಿರಿಗೇ ಅಪಾಯ ತರಬಹುದು, ನಿಮ್ಮ ಪುಣ್ಯ ದೊಡ್ಡದು ಎಂದರು. ತೂಕ ನೋಡಿದರು. ಜೂನ್ ಮೊದಲ ವಾರದಲ್ಲಿ ಆರೂವರೆ ಕಿಲೋ ಇದ್ದ ಮಗು ಜುಲೈ ಮಧ್ಯದಲ್ಲೂ ಆರೂವರೆ ಕಿಲೋ. "ಟೀಚರ್ ಆಗಿ ನೀವು ಹೀಗಾ?" ಎಂದರು. ಉತ್ತರ ಇರಲಿಲ್ಲ.

ಸಂಜೆ ಆಕೆಯೇ ಮನೆಗೆ ಬಂದಳು, ಚೀಲ, ಒಳಲೆ, ಡಬ್ಬಿ ಎಲ್ಲ ಹಿಡಿದುಕೊಂಡು. ಅಲ್ಲಿಯವರೆಗೆ ನಾನು ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು ಅಂದು ಏಕವಚನಕ್ಕೆ ಇಳಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಹೆತ್ತ ಹೊಟ್ಟೆಯಾ ನಿನ್ನದು ಎಂದೂ ಕೇಳಿದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. "ಔಷಧಿ ಹಾಕಿದ್ದು ತಪ್ಪು ಮೇಡಂ, ನನ್ನ ಮಕ್ಕಳಿಗೂ ಹಾಗೇ ಹಾಕ್ತಿದ್ದೆ" ಎಂದಳು. ಹೋಗುವಾಗ ಬಾಗಿಲ ಹತ್ತಿರ ನಿಂತು, "ಮುನ್ನೂರು ರೂಪಾಯಿಗೆ ನಾಲ್ಕು ಹೊಟ್ಟೆ ತುಂಬಲ್ಲ ಮೇಡಂ. ನೀವು ಮಗು ಬಿಟ್ಟು ಹೋದದ್ದು ಸಂಬಳಕ್ಕೆ. ನಾನು ಹೋದದ್ದೂ ಅದಕ್ಕೇ" ಎಂದಳು. ನಾನು ಬಾಗಿಲು ಹಾಕಿಕೊಂಡೆ.

ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕುಳಿತೆ. ಎರಡು ವಾರಕ್ಕೆ ಅತ್ತೆಯವರು ಬಂದರು. ಒಂದು ಹಸು ಮಾರಿ, ಇನ್ನೊಂದನ್ನು ಪಕ್ಕದವರಿಗೆ ಒಪ್ಪಿಸಿ, ಮಾವನವರನ್ನೂ ಕರೆದುಕೊಂಡು ಬಂದರು. ಅವರ ಕೈಯಲ್ಲಿ ಮಗು ತಿಂಗಳೊಳಗೆ ಗುಂಡಗಾಯಿತು. ಅವರಿಗೆ ನಾನು 300 ರೂಪಾಯಿಯನ್ನೂ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಮಾರಿದ ಹಸುವಿನ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಸಿಟ್ಟು ಇಳಿದ ಮೇಲೆ ನನ್ನನ್ನು ಕಾಡಿದ್ದು ಆ ಹುಡುಗಿ. ಆರು ವಾರ ದಿನಕ್ಕೆರಡು ಸಲ ಅವಳನ್ನು ನೋಡಿದ್ದೇನೆ. ಅಂಗಿಗೆ ಶಾಯಿ ಹತ್ತದ ಮಗು ಶಾಲೆಗೆ ಹೋಗುತ್ತಿಲ್ಲವೆಂದು ಮೇಷ್ಟರ ಕೆಲಸ ಮಾಡುವವಳಿಗೆ ತಿಳಿಯಬೇಕಿತ್ತು. ನಾನು ನಲವತ್ತು ಮಕ್ಕಳ ಹಾಜರಿ ಕೂಗುವುದಕ್ಕೆಂದು ಇನ್ನೊಂದು ಮಗುವಿನ ಹಾಜರಿ ತಪ್ಪಿಸಿದ್ದೆ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ ಇರಬೇಕು. ಆ ಸರ್ಕಾರಿ ಶಾಲೆಯಲ್ಲಿ ಪರಿಚಯದ ಶಿಕ್ಷಕಿಯೊಬ್ಬರಿದ್ದರು. ಅವರಿಗೆ ಹೇಳಿದೆ. ರಿಜಿಸ್ಟರ್ ನೋಡಿದರೆ ಜೂನ್ ಎರಡನೇ ವಾರದಿಂದ ಸಾಲಾಗಿ ಗೈರುಹಾಜರಿ. ಅವರೇ ಮನೆಗೆ ಹೋಗಿ ಮಾತಾಡಿ, ಆಗಸ್ಟಿನಲ್ಲಿ ಹುಡುಗಿಯನ್ನು ಮತ್ತೆ ಕರೆತಂದರು. ನಾನು ಹೋಗಲಿಲ್ಲ. ಮುಖವಿರಲಿಲ್ಲ. ಮುಂದಿನ ವರ್ಷ ಅವರು ಆ ಮನೆ ಖಾಲಿ ಮಾಡಿದರು. ಆಮೇಲೆ ಆ ಹುಡುಗಿಯನ್ನು ನಾನು ಕಾಣಲಿಲ್ಲ.

ಅಂದಿನಿಂದ ಎಷ್ಟೋ ಬದಲಾಗಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದ ರಜೆ 2017ರ ತಿದ್ದುಪಡಿಯಲ್ಲಿ 26 ವಾರವಾಯಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನೆಯ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದೂ ಆಯಿತು. 2021ರಲ್ಲಿ ನಮ್ಮ ರಾಜ್ಯದ ಸರ್ಕಾರಿ ನೌಕರಿಯ ಹೆಂಗಸರಿಗೆ ಆರು ತಿಂಗಳ ಶಿಶುಪಾಲನಾ ರಜೆ ಬಂತು. 2023ರಲ್ಲಿ ಹಳ್ಳಿಯ ಕೂಲಿ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಕೆಲಸ ಶುರುವಾಯಿತು. ಆ ಹೆಸರು ಕೇಳಿದಾಗ ನನಗೆ ಮೊದಲು ನೆನಪಾದವಳು ಆಕೆ. ಅಂಥದ್ದೊಂದು ನಮ್ಮ ಬೀದಿಯಲ್ಲಿ ಆಗ ಇದ್ದಿದ್ದರೆ ನಮ್ಮಿಬ್ಬರ ಸುಳ್ಳಿಗೂ ಜಾಗವಿರುತ್ತಿರಲಿಲ್ಲ.

ಕೂಸನ್ನು ಬಿಟ್ಟು ಕೆಲಸಕ್ಕೆ ಹೊರಟ ತಂಗಿಯರಿಗೆ ನನ್ನದೊಂದೆರಡು ಮಾತು. ಹೇಳದೆ ಕೇಳದೆ ನಡುಹೊತ್ತಿನಲ್ಲಿ ಒಂದು ಸಲ ಹೋಗಿ ನೋಡಿ; ಬರಬೇಡಿ ಎಂದರೆ ಇನ್ನೊಂದು ಸಲ ಹೋಗಿ. ಕಳಿಸಿದ ಬಟ್ಟೆ, ಆಹಾರ ಎಷ್ಟು ವಾಪಸು ಬಂತು ಲೆಕ್ಕವಿಡಿ. ತಿಂಗಳಿಗೊಮ್ಮೆ ತೂಕ ನೋಡಿಸಿ. ಡಾಕ್ಟರು ಹೇಳದ ಒಂದು ತೊಟ್ಟು ಔಷಧಿಯೂ ಬೇಡವೆಂದು ಬಾಯಿಬಿಟ್ಟು ಹೇಳಿ. ನೋಡಿಕೊಳ್ಳುವವರ ಮನೆಯ ಮಕ್ಕಳು ಹಗಲು ಎಲ್ಲಿರುತ್ತಾರೆ ಎಂದು ಕೇಳಿ. ಮತ್ತೆ, ಐವತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಆಕೆ ಮಾಡಿದ್ದನ್ನು ನಾನು ಇವತ್ತಿಗೂ ಸರಿ ಎನ್ನುವುದಿಲ್ಲ. ಆದರೆ ನನ್ನ ಪಾಲಿನದನ್ನು ಕಳೆದು ಲೆಕ್ಕ ಹೇಳುವುದಕ್ಕೂ ನನಗೆ ಆಗುವುದಿಲ್ಲ.

ಮೊನ್ನೆ ಭಾನುವಾರ ಮಗಳು ಬಂದಿದ್ದಳು. ಇದನ್ನೆಲ್ಲ ಅವಳಿಗೆ ಹೇಳಿದೆ. ತೊಡೆಯ ಮೇಲಿನ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು. ಆಮೇಲೆ ಮೊಬೈಲು ತೆಗೆದು ಆ ಕೇಂದ್ರದ ಚಿತ್ರ ತೋರಿಸಿದಳು. ಮೆತ್ತೆಯ ಮೇಲೆ ಮಕ್ಕಳು, ನಡುವೆ ಒಬ್ಬ ಹುಡುಗಿ, ಇಪ್ಪತ್ತರ ಒಳಗೇ ಇರಬೇಕು.

"ಆ ಹುಡುಗಿಗೆ ಎಷ್ಟು ಸಂಬಳ ಕೊಡ್ತಾರೆ?" ಎಂದೆ.

"ಅದನ್ನೆಲ್ಲ ಹೇಗಮ್ಮ ಕೇಳೋದು?"

"ಕೇಳು" ಎಂದೆ.