ಕೊಟ್ಟ ನಂಬಿಕೆಯನ್ನು ಹಿಂದೆಗೆದುಕೊಂಡವನು



‘ಹೇಡಿ’ ಎಂಬ ಮಾತನ್ನು ನಾವು ಅಗ್ಗವಾಗಿ ಬಳಸುತ್ತೇವೆ. ಕತ್ತಲೆಗೆ ಅಂಜುವ ಮಗುವನ್ನೂ ಹಾಗೆ ಕರೆಯುತ್ತೇವೆ, ಸೂಜಿಗೆ ಹೆದರುವ ಮುದುಕನನ್ನೂ ಹಾಗೆಯೇ ಕರೆಯುತ್ತೇವೆ. ಗುರುಮಠದಲ್ಲಿ ಓದುತ್ತಿದ್ದಾಗ ಮಧ್ಯಯುಗದ ಒಂದು ಇಂಗ್ಲಿಷ್ ಪದ ನನ್ನ ಕಣ್ಣಿಗೆ ಬಿತ್ತು: ‘ರೆಕ್ರಿಯಂಟ್’. ನಿಘಂಟು ಅದಕ್ಕೆ ಹೇಡಿ ಎಂದೇ ಅರ್ಥ ಹೇಳಿತು. ಆದರೆ ಫ್ರೆಂಚ್ ಮೂಲಕ ಬಂದ ಆ ಪದದ ಬೇರು ಲ್ಯಾಟಿನ್ನಿನ ‘ಕ್ರೇದೆರೆ’. ನಾವು ಭಾನುವಾರ ಪಠಿಸುವ ವಿಶ್ವಾಸ ಪ್ರಕಟಣೆಗೆ ‘ಕ್ರೇದೊ’ ಎಂಬ ಹೆಸರು ಬಂದದ್ದೂ ಅದೇ ಬೇರಿನಿಂದ. ಹಾಗಾದರೆ ರೆಕ್ರಿಯಂಟ್ ಎಂದರೆ ಬರಿಯ ಅಂಜುಬುರುಕನಲ್ಲ. ಕೊಟ್ಟ ನಂಬಿಕೆಯನ್ನು ಹಿಂದೆಗೆದುಕೊಂಡವನು.

ಅಂದಿನ ಇಂಗ್ಲೆಂಡಿನಲ್ಲಿ ಕೆಲವು ವ್ಯಾಜ್ಯಗಳು ದ್ವಂದ್ವಯುದ್ಧದಿಂದ ತೀರ್ಮಾನವಾಗುತ್ತಿದ್ದವು. ಜಮೀನಿನ ವ್ಯಾಜ್ಯದಲ್ಲಿ ಕಕ್ಷಿದಾರನ ಪರವಾಗಿ ಒಬ್ಬನು ಪ್ರಮಾಣ ಮಾಡಿ ಕಣಕ್ಕಿಳಿಯುತ್ತಿದ್ದನು. ಸೋತು ಶರಣಾದರೆ ಅವನು ರೆಕ್ರಿಯಂಟ್. ಅವನಿಗೆ ವಿಧಿಸುತ್ತಿದ್ದ ಶಿಕ್ಷೆ ಏನೆಂದು ಬಲ್ಲಿರಾ? ಮುಂದೆಂದೂ ಯಾವ ನ್ಯಾಯಾಲಯದಲ್ಲಿಯೂ ಅವನು ಸಾಕ್ಷಿಯಾಗಿ ನಿಲ್ಲುವಂತಿರಲಿಲ್ಲ. ಈ ಪದ್ಧತಿಯನ್ನು 1819ರಲ್ಲಿ ರದ್ದುಪಡಿಸಲಾಯಿತು.

ಯಾದಗಿರಿಯಿಂದ ಭೀಮಾ ನದಿಯನ್ನು ದಾಟಿ, ಶಹಾಪುರದ ಬೆಟ್ಟದಲ್ಲಿ ಮಲಗಿರುವ ಬುದ್ಧನ ಆಕಾರವನ್ನು ನೋಡುತ್ತ ಸುರಪುರಕ್ಕೆ ಹೋಗುವಾಗಲೆಲ್ಲ ಈ ಪದ ನೆನಪಾಗುತ್ತದೆ. ಸುರಪುರದ ಬೇಡ ಅರಸ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾದನು. ಅವನು ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಸೆರೆಯಲ್ಲಿ ತನ್ನನ್ನು ಕಂಡ ಆ ‘ಅಪ್ಪ’ನಿಗೆ ಅವನು ಕೊಟ್ಟ ಉತ್ತರ 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯಲ್ಲಿದೆ: ಹೇಡಿಯಂತೆ ಪ್ರಾಣಭಿಕ್ಷೆ ಬೇಡಲಾರೆ, ನನ್ನ ಜನರಿಗೆ ದ್ರೋಹ ಬಗೆಯಲಾರೆ. ಅವನಿಗೆ ಭಯವಿರಲಿಲ್ಲವೆಂದು ಯಾರು ಹೇಳಬಲ್ಲರು? ಇನ್ನೂ ಇಪ್ಪತ್ತರ ಹರೆಯ. ಆದರೆ ಕೊಟ್ಟ ನಂಬಿಕೆಯನ್ನು ಅವನು ಹಿಂದೆಗೆದುಕೊಳ್ಳಲಿಲ್ಲ. ದೂರದ ಸೆರೆಗೆ ಒಯ್ಯುತ್ತಿದ್ದಾಗ ದಾರಿಯಲ್ಲಿಯೇ ಗುಂಡು ತಗಲಿ ಅವನ ಪ್ರಾಣ ಹೋಯಿತು. ಆ ಸಾವನ್ನು ಅಳೆಯುವವನು ನಾನಲ್ಲ. ದೇವರ ಕರುಣೆಗೆ ಬಿಡುತ್ತೇನೆ.

ನನ್ನನ್ನಾದರೋ ನಾನು ಅಳೆದುಕೊಳ್ಳಲೇಬೇಕು. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನಿದ್ದ ವಸತಿನಿಲಯದ ಹುಡುಗನೊಬ್ಬನ ಮೇಲೆ ಕಳ್ಳತನದ ಆರೋಪ ಬಂತು. ಹಣ ಕಳುವಾದ ಸಂಜೆ ಅವನು ನನ್ನೊಡನೆ ಅಕ್ಕಿಯ ಚೀಲಗಳನ್ನು ಸಾಗಿಸುತ್ತಿದ್ದನು. “ಹೆದರಬೇಡ, ನಾನಿದ್ದೇನೆ” ಎಂದು ಅವನಿಗೆ ಮಾತು ಕೊಟ್ಟೆ. ಮರುದಿನ ಹಿರಿಯರೊಬ್ಬರು ಕೋಪದಿಂದ ಕೇಳಿದಾಗ, “ಹೊತ್ತು ಸರಿಯಾಗಿ ನೆನಪಿಲ್ಲ” ಎಂದುಬಿಟ್ಟೆ. ಹುಡುಗ ಅಳಲಿಲ್ಲ, ನನ್ನ ಮುಖವನ್ನಷ್ಟೇ ನೋಡಿದನು. ಆ ವಾರವೇ ಅವನ ತಂದೆ ಬಂದು, ಟ್ರಂಕನ್ನು ತಲೆಯ ಮೇಲೆ ಹೊತ್ತು, ಮಗನನ್ನು ಕರೆದುಕೊಂಡು ಹೋದರು.

ಆತ್ಮೀಯರೇ, ಸಂತ ಪೇತ್ರರೂ ಬೆಂಕಿ ಕಾಯಿಸಿಕೊಳ್ಳುತ್ತ ಮೂರು ಬಾರಿ ‘ಅರಿಯೆ’ ಎಂದವರೇ. ಇಂಗ್ಲೆಂಡಿನ ಆ ಕಾನೂನಿನ ಪ್ರಕಾರ ಅವರು ಮತ್ತೆಂದೂ ಸಾಕ್ಷಿಯಾಗುವಂತಿರಲಿಲ್ಲ. ಆದರೆ ಯೇಸುಸ್ವಾಮಿ ಸರೋವರದ ದಡದಲ್ಲಿ ಅವರನ್ನು ಮೂರು ಬಾರಿ ಕೇಳಿ, ಕುರಿಗಳನ್ನು ಅವರ ಕೈಗೇ ಒಪ್ಪಿಸಿದರು. ಕ್ಷಮೆ ದೊರೆಯಿತು, ಹೌದು. ಆದರೆ ಆ ದಡದಲ್ಲಿ ಪೇತ್ರರು ಉತ್ತರ ಕೊಡಲೇಬೇಕಾಯಿತು.

ಆ ಹುಡುಗನ ಊರು ಶಹಾಪುರದ ಆಚೆಗಿದೆ. ಈಗ ಅವನಿಗೂ ಮಕ್ಕಳಿರಬಹುದು. ಎರಡು ಬಾರಿ ಅವನಿಗಾಗಿಯೇ ಯಾದಗಿರಿಯಲ್ಲಿ ಬಸ್ಸು ಹತ್ತಿದ್ದೇನೆ; ಎರಡು ಬಾರಿಯೂ ಶಹಾಪುರದಲ್ಲಿ ಇಳಿಯದೆ ಸುರಪುರದವರೆಗೆ ಹೋಗಿ ಹಿಂದಿರುಗಿದ್ದೇನೆ. ಮೂರನೆಯ ಬಾರಿ ಇಳಿಯುವಂತೆ ನನಗಾಗಿ ಪ್ರಾರ್ಥಿಸಿರಿ. ನೀವು ಯಾರಿಗಾದರೂ “ನಾನಿದ್ದೇನೆ” ಎಂದಿದ್ದರೆ, ಇಂದು ರಾತ್ರಿ ಅವರನ್ನು ಒಮ್ಮೆ ನೆನೆಯಿರಿ.