ಲಿಫ್ಟ್ ಇದೆಯೇ ಎಂದು ಕೇಳಲಿಲ್ಲ

ಈಜಿಪ್ಟ್ ನೋಡಬೇಕೆಂಬುದು ಅಕ್ಕನ ಹಳೆಯ ಆಸೆ. ಧಾರವಾಡದ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಈಗ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ಸವೆದಿವೆ. ಅವಳಿಗೆ ಲಕ್ಸರ್‌ನಿಂದ ಆಸ್ವಾನ್‌ವರೆಗಿನ ಹಡಗಿನ ಪಯಣವೇ ಸರಿ ಎಂದು ಲೆಕ್ಕ ಹಾಕಿದವನು ನಾನು. ಆ ಲೆಕ್ಕವೇನೂ ತಪ್ಪಲ್ಲ. ಹೆಚ್ಚುಕಡಿಮೆ 200 ಕಿ.ಮೀ. ದಾರಿ, ದಡದುದ್ದಕ್ಕೂ ಎಡ್ಫು, ಕೋಮ್ ಓಂಬೋದಂಥ ದೇವಾಲಯಗಳು. ಊರೂರಿಗೆ ಪೆಟ್ಟಿಗೆ ಕಟ್ಟಿ ಬಿಚ್ಚುವ ಗೋಜಿಲ್ಲ. ಥಾಮಸ್ ಕುಕ್ 1869ರಲ್ಲಿ ತನ್ನ ಪ್ರವಾಸಿಗರನ್ನು ನೈಲ್ ಮೇಲೆ ಕರೆದೊಯ್ದ, ಇವತ್ತಿಗೂ ಜನ ಈ ಹಡಗು ಹತ್ತುವುದು ಆ ಆರಾಮಕ್ಕಾಗಿಯೇ.

ನಾನು ಎಡವಿದ್ದು ಕೋಣೆ ಆರಿಸುವಾಗ. ಮೇಲಿನ ಮಹಡಿಯಲ್ಲಿ ದೊಡ್ಡ ಕಿಟಕಿಯ ಕೋಣೆಗಳು ಸಿಗುತ್ತವೆ, ಸ್ವಲ್ಪ ಹೆಚ್ಚು ಕೊಡಬೇಕು ಎಂದ ಏಜೆಂಟ್. ಕಿಟಕಿ ಎಷ್ಟು ಅಗಲ, ಯಾವ ದಿಕ್ಕಿಗೆ, ಮಂಚದಿಂದಲೇ ನದಿ ಕಾಣುತ್ತದೆಯೇ ಎಂದು ಅವನ ತಲೆ ತಿಂದೆ. ಎರಡು ಕೋಣೆ ಹಿಡಿದೆ: ಒಂದು ನಮಗೆ ಗಂಡ ಹೆಂಡಿರಿಗೆ, ಪಕ್ಕದ್ದು ಅಕ್ಕನಿಗೂ ನನ್ನ ಮಗಳಿಗೂ. ಊಟದ ಹಾಲ್ ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ ಎಂದು ಮಾತ್ರ ಕೇಳಲಿಲ್ಲ. ಏಜೆಂಟನನ್ನು ದೂರಿ ಫಲವಿಲ್ಲ. ಕೇಳಿದ್ದಕ್ಕೆಲ್ಲ ಅವನು ಸರಿಯಾಗಿಯೇ ಉತ್ತರಿಸಿದ್ದ.

ನೈಲ್‌ನ ಇಂಥ ಹಡಗುಗಳ ಒಳರಚನೆ ಸಾಮಾನ್ಯವಾಗಿ ಒಂದೇ ತೆರ. ತೀರ ಕೆಳಗೆ, ನೀರಿನ ಮಟ್ಟದಲ್ಲಿ ಊಟದ ಹಾಲ್. ಅದರ ಮೇಲೆ ರಿಸೆಪ್ಷನ್. ಮತ್ತೂ ಮೇಲೆ ಸಂಜೆ ಹಾಡು ಕುಣಿತ ನಡೆಯುವ ಲೌಂಜ್. ನೆತ್ತಿಯ ಮೇಲೆ ಸನ್ ಡೆಕ್, ಅಲ್ಲಿ ಪುಟ್ಟ ಈಜುಕೊಳ, ಬಟ್ಟೆಯ ಚಪ್ಪರ, ಒರಗು ಕುರ್ಚಿಗಳು, ಸಂಜೆಯ ಚಹಾ. ನಡುವೆಲ್ಲ ಕೋಣೆಗಳು. ಲಿಫ್ಟ್ ಇರುವ ಹಡಗುಗಳೂ ಇವೆ. ನಮ್ಮದರಲ್ಲಿ ಇರಲಿಲ್ಲ. ನಾನು ದುಡ್ಡು ಸುರಿದು ಹಿಡಿದ ಕೋಣೆಯಿಂದ ಊಟಕ್ಕೆ ಇಳಿಯುವುದೆಂದರೆ ಹಡಗಿನ ಆ ತುದಿಯಿಂದ ಈ ತುದಿಗೆ.

ಮೊದಲ ಮಧ್ಯಾಹ್ನ ಅಕ್ಕ ಕಂಬಿ ಹಿಡಿದು ಇಳಿದಳು, ಹತ್ತಿದಳು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಮರುದಿನವೂ ಅದೇ ಮಾತು. ನನಗೆ ಸಿಟ್ಟು ಬಂತು. "ಇಷ್ಟು ರೊಕ್ಕಾ ಸುರದು ಕರ್ಕೊಂಡು ಬಂದೀನಿ, ನೀ ನೋಡಿದ್ರ ಖೋಲ್ಯಾಗ ಬಿದ್ಕೊಂಡಿದ್ದಿ" ಅಂದೆ. ಅವಳು ಏನೂ ಹೇಳದೆ ಶಾಲು ಸರಿಮಾಡಿಕೊಂಡಳು. ಹೊರಗೆ ಬಂದಮೇಲೆ ಮಗಳು ತಡೆದು ನಿಲ್ಲಿಸಿ ಹೇಳಿದಳು: "ಅಪ್ಪಾ, ಅತ್ಯಾಗ ಹಸಿವಿಲ್ಲಂತಲ್ಲ, ಮೆಟ್ಲ ಇಳಿಯೋದು ಆಗವಲ್ತು. ಚೀಲದಾಗಿನ ಅವಲಕ್ಕಿ ತಿಂದು ನೀರು ಕುಡದಾಳ."

ದೊಡ್ಡ ಕಿಟಕಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಲಕ್ಸರ್‌ನಲ್ಲಾಗಲಿ ಆಸ್ವಾನ್‌ನಲ್ಲಾಗಲಿ ಇಷ್ಟೊಂದು ಹಡಗು ನಿಲ್ಲುವಷ್ಟು ದಡವಿಲ್ಲ. ಒಂದು ಹಡಗು ದಡಕ್ಕೆ ತಾಗಿ ನಿಂತರೆ ಅದರ ಮಗ್ಗುಲಿಗೆ ಇನ್ನೊಂದು, ಅದರಾಚೆ ಮತ್ತೊಂದು. ಬೆಳಿಗ್ಗೆ ಪರದೆ ಸರಿಸಿದರೆ ನನ್ನೆದುರು ನದಿಯಿಲ್ಲ. ಕೈಚಾಚುವಷ್ಟು ದೂರದಲ್ಲಿ ಪಕ್ಕದ ಹಡಗಿನ ಕಿಟಕಿ, ಅದರೊಳಗೆ ಹಲ್ಲುಜ್ಜುತ್ತ ನಿಂತ ಯಾರೋ ಒಬ್ಬರು. ಇಬ್ಬರೂ ಒಟ್ಟಿಗೇ ಪರದೆ ಎಳೆದೆವು. ಮೇಲಾಗಿ ಜನರೇಟರಿನ ಸದ್ದು, ಡೀಸೆಲ್ ವಾಸನೆ.

ಆದರೆ ಈ ಸಾಲುಹಡಗಿನಿಂದಲೇ ಅಕ್ಕನಿಗೆ ಒಂದು ಜಾಗ ಸಿಕ್ಕಿತು. ಹೊರಗಿನ ಹಡಗಿನವರು ದಡ ಸೇರಬೇಕಾದರೆ ಒಳಗಿನ ಹಡಗುಗಳ ರಿಸೆಪ್ಷನ್ ಹಾಯ್ದೇ ಬರಬೇಕು. ಬಾಗಿಲಿಗೆ ಬಾಗಿಲು ಎದುರಾಗಿ, ನಡುವೆ ಸಣ್ಣದೊಂದು ಹಲಗೆ. ಹಳೆಯ ವಠಾರದಲ್ಲಿ ಹಿತ್ತಲಿನ ಮನೆಯವರು ಮುಂದಿನ ಮನೆಯ ಪಡಸಾಲೆ ದಾಟಿ ಬೀದಿಗೆ ಬರುವ ಹಾಗೆ. ನಾನು ದೇವಾಲಯ ಸುತ್ತಿ ಬಂದಾಗ ಅಕ್ಕ ಅಲ್ಲಿಯ ಸೋಫಾದಲ್ಲಿ ಕೂತಿದ್ದಳು. ಕೆಂಪು ಪಾನಕದ ಲೋಟ ಹಿಡಿದು, ಜರ್ಮನಿಯವರು, ಚೀನಾದವರು, ಕುದುರೆಗಾಡಿಯ ಧೂಳು ಹೊತ್ತ ನಮ್ಮದೇ ಗುಜರಾತಿಗಳು ಹಾದುಹೋಗುವುದನ್ನು ನೋಡುತ್ತಿದ್ದಳು. ಆ ಪಾನಕ ಕರ್ಕಡೆ. ನಮ್ಮ ಪುಂಡಿಯ ಬಳಗದ್ದೇ ಗಿಡದ ಹೂವಿನದು. ಹುಳಿಯಲ್ಲೇ ಅಕ್ಕನಿಗೆ ಗುರುತು ಹತ್ತಿತ್ತು. ಮೇಲೆ ಹೋಗೋಣ, ನದಿ ಚೆನ್ನಾಗಿ ಕಾಣುತ್ತದೆ ಎಂದೆ. "ನಿನ್ನ ಕಿಟಕಿ ನೀನ ನೋಡ್ಕೋ, ತಮ್ಮಾ. ನನಗ ಇಲ್ಲೇ ಚಲೋ ಅದ."

ನಾಚಿಕೆ ಬಿಟ್ಟು ಕೌಂಟರಿನಲ್ಲಿ ಕೇಳಿದ ಮೇಲೆ ರಿಸೆಪ್ಷನ್ ಮಟ್ಟದಲ್ಲೇ ಒಂದು ಕೋಣೆ ಕೊಟ್ಟರು. ಹಡಗಿನ ಹಿಂಭಾಗ, ಸಣ್ಣ ಕಿಟಕಿ, ಎಂಜಿನ್ನಿನ ಗುಂಯ್‌ಗುಡುವಿಕೆ. ಯಾರೂ ಬಯಸದ ಕೋಣೆ. ಊಟಕ್ಕೆ ಈಗ ಒಂದೇ ಮಹಡಿ. ಆ ರಾತ್ರಿ ಅಕ್ಕ ಅನ್ನಕ್ಕೆ ಬೇಳೆ ಸೂಪು ಕಲಸಿ ಎರಡು ಸಲ ಹಾಕಿಸಿಕೊಂಡಳು. ನಾನು ತಟ್ಟೆ ನೋಡುತ್ತ ಉಂಡೆ.

ಎಸ್ನಾದಲ್ಲಿ ಹಡಗುಗಳು ಲಾಕ್‌ಗಾಗಿ ಸರದಿಯಲ್ಲಿ ಕಾಯುತ್ತವೆ. ಆಗ ಚಿಕ್ಕ ದೋಣಿಗಳಲ್ಲಿ ವ್ಯಾಪಾರಿಗಳು ಮುತ್ತುತ್ತಾರೆ. ಮೇಜುಹಾಸು, ನಿಲುವಂಗಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸನ್ ಡೆಕ್ಕಿಗೆ ಎಸೆಯುತ್ತಾರೆ. ಬೇಕಾದರೆ ಹಣವನ್ನು ಅದೇ ಚೀಲದಲ್ಲಿಟ್ಟು ಕೆಳಗೆ ಎಸೆಯಬೇಕು, ಬೇಡವಾದರೆ ಬಟ್ಟೆಯನ್ನು. ನಾನು ಮೇಲೆ ತಲೆ ತಗ್ಗಿಸಿ ತಪ್ಪಿಸಿಕೊಳ್ಳುತ್ತಿದ್ದರೆ, ಕೆಳಗೆ ಅಕ್ಕನ ಕಿಟಕಿಯ ಬುಡದಲ್ಲೇ ಒಂದು ದೋಣಿ. "ಇಂಡಿಯಾ! ಅಮಿತಾಬ್ ಬಚ್ಚನ್!" ಎಂದು ಕೂಗಿದ ಹುಡುಗನ ಹತ್ತಿರ ಬೆರಳಲ್ಲೇ ಚೌಕಾಸಿ ಮಾಡಿ ಅವಳೊಂದು ಶಾಲು ಕೊಂಡಳು. ಆಮೇಲೆ ಹಡಗು ಲಾಕ್ ಹೊಕ್ಕಿತು. ಹಿಂದಿನ ಗೇಟು ಮುಚ್ಚಿ ನೀರು ತುಂಬಿಸಿ ಹಡಗನ್ನು ಮೇಲ್ಮಟ್ಟಕ್ಕೆ ಎತ್ತುತ್ತಾರೆ. ಇದನ್ನು ನೋಡಲೆಂದೇ ಎಲ್ಲರೂ ಸನ್ ಡೆಕ್ಕಿನಲ್ಲಿ ನೂಕುನುಗ್ಗಲಾಡಿದರು. ನಾನು ಈ ಸಲ ಅಕ್ಕನ ಕೋಣೆಗೆ ಇಳಿದೆ. ಪಾಚಿ ಕಟ್ಟಿದ ಹಸಿ ಗೋಡೆ ಕಿಟಕಿಯೆದುರು ತುಸುತುಸುವೇ ಕೆಳಗೆ ಸರಿಯುತ್ತಿತ್ತು. ಅಕ್ಕ ಅದು ಹೇಗೆ ನಡೆಯುತ್ತದೆಂದು ಮಗಳಿಗೆ ಪಾಠ ಹೇಳುತ್ತಿದ್ದಳು.

ಬೈದದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ತಮ್ಮಂದಿರು ಕೇಳುವ ರೂಢಿಯಿಲ್ಲ. ಅದು ಒಳ್ಳೆಯ ರೂಢಿಯೆಂದು ನಾನೇನೂ ಹೇಳುತ್ತಿಲ್ಲ.

ಹಿರಿಯರನ್ನು ನದಿ ಹಡಗಿಗೆ ಕರೆದೊಯ್ಯುವವರು ಮುಂಗಡ ಕೊಡುವ ಮೊದಲು ಹಡಗಿನ ಮಹಡಿವಾರು ನಕ್ಷೆ ತರಿಸಿಕೊಳ್ಳಿ. ಲಿಫ್ಟ್ ಇದೆಯೇ, ಇದ್ದರೆ ಊಟದ ಹಾಲ್‌ಗೂ ಸನ್ ಡೆಕ್ಕಿಗೂ ಮುಟ್ಟುತ್ತದೆಯೇ, ದಡಕ್ಕೆ ಇಳಿಯುವಾಗ ಬೇರೆ ಹಡಗು ದಾಟಬೇಕೇ ಎಂದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಕೋಣೆ ರಿಸೆಪ್ಷನ್ ಮಹಡಿಯಲ್ಲಿ ಹಿಡಿಯಿರಿ.